ಕರೆಂಟು ಹೋದಾಗ ಓದುತ್ತಿದ್ದ ಅಕ್ಕೋರು

ಮೊದಲಿಗೆ ಓದುಗರಲ್ಲಿ ಒಂದು ಅರಿಕೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ನಾನು ಬರೆದುದನ್ನು ನೋಡಿ, ಇಲ್ಲಿ ಒತ್ತಕ್ಷರ ತಪ್ಪಿದೆ, ಅಲ್ಲಿ ಮಾತು ಹೆಚ್ಚಾಗಿದೆ ಎಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಹಾಗೆ ಹೇಳಬಲ್ಲವರೊಬ್ಬರು ಪಕ್ಕದ ಮನೆಯಲ್ಲಿದ್ದರು. ಅವರು ತೀರಿಕೊಂಡ ಕಾರಣದಿಂದಲೇ ಇದನ್ನು ಬರೆದು ಮುಗಿಸುತ್ತಿದ್ದೇನೆ. ಆದ್ದರಿಂದ ಇದರಲ್ಲಿ ದೋಷಗಳು ಕಂಡುಬಂದರೆ, ತಿದ್ದುವವರು ಇಲ್ಲದ್ದರಿಂದ ಉಳಿದ ದೋಷಗಳೆಂದು ತಿಳಿದು ಕ್ಷಮಿಸಬೇಕು.

ಅವರ ಹೆಸರನ್ನು ಬರೆಯುವುದಿಲ್ಲ. ಮರೆಮಾಚುವ ಉದ್ದೇಶದಿಂದಲ್ಲ; ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇರಲಿಲ್ಲ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುವುದು ವಾಡಿಕೆ. ನಿವೃತ್ತಿಯ ನಂತರವೂ, ಅವರಿಗಿಂತ ಹಿರಿಯರಾದ ಮುದುಕಿಯರ ಬಾಯಲ್ಲಿಯೂ, ಅವರು ಅಕ್ಕೋರೇ ಆಗಿ ಉಳಿದರು. ಗಂಡ ಬೇಗ ತೀರಿಹೋಗಿದ್ದರು, ಮಕ್ಕಳಿರಲಿಲ್ಲ.

ನಮ್ಮ ತಂದೆಯವರದು ಹಿಟ್ಟಿನ ಗಿರಣಿ. ಓಣಿಯ ಬಾಯಲ್ಲಿಯೇ ಇದೆ. ಮುಂದೆ ಗಿರಣಿ, ಹಿಂದೆ ಮನೆ. ಅಕ್ಕೋರು ಜೋಳದ ಡಬ್ಬಿಯನ್ನು ಒಂದು ಕೈಯಲ್ಲಿ, ಪುಸ್ತಕವನ್ನು ಇನ್ನೊಂದು ಕೈಯಲ್ಲಿ ಹಿಡಿದು ಬರುತ್ತಿದ್ದರು. ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ಹೊದಿಕೆ. ಬಿಳಿಯ ಬದಿ ಮೇಲೆ, ತಿಂಗಳು ಒಳಗೆ. ಹೀಗಾಗಿ ಅವರು ಯಾವ ಪುಸ್ತಕ ಓದುತ್ತಿದ್ದಾರೆ ಎಂಬುದು ಹೊರಗಿನಿಂದ ತಿಳಿಯುತ್ತಿರಲಿಲ್ಲ. ಪಾಳಿಗಾಗಿ ಕಾಯುತ್ತಾ ಗೋಣಿಚೀಲದ ಮೇಲೆ ಕೂತು ಓದುವರು. ಪುಟದ ಮೇಲೆ ಹಿಟ್ಟಿನ ದೂಳು ಕೂತರೆ ಪುಸ್ತಕವನ್ನು ತಿರುವಿ ಮೊಣಕಾಲಿಗೆ ಎರಡು ಸಾರೆ ತಟ್ಟಿ ಮತ್ತೆ ಓದುವರು. ತಮ್ಮ ಪಾಳಿ ಬಂದಾಗ ಹಿಂದಿನವರಿಗೆ, “ನೀ ಹಾಕ ಬೇ, ನಿನಗ ಮನ್ಯಾಗ ಕೆಲಸಿರತಾವು” ಎಂದು ಬಿಟ್ಟುಕೊಡುವರು. ಉಪಕಾರಕ್ಕಿಂತ ಹೆಚ್ಚಾಗಿ ಅದು ಓದುತ್ತಿದ್ದ ಅಧ್ಯಾಯ ಮುಗಿಸುವ ಆಸೆಯಾಗಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು.

ಒಂದು ಇಳಿಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು. ಆ ಸದ್ದು ಒಮ್ಮೆಲೇ ನಿಂತಾಗ ಎಲ್ಲರಿಗೂ ಏನನ್ನಾದರೂ ಮಾತಾಡಬೇಕೆನಿಸುತ್ತದೆ. ನೆರೆಮನೆಯ ಮುದುಕಿ ಗಂಗವ್ವ ಕೇಳಿದಳು:

“ಅಕ್ಕೋರ, ಏನ ಅಷ್ಟ ಓದಾಕತ್ತೀರಿ?”

“ಆತ್ಮಕತಿ, ಗಂಗವ್ವ.”

ಗಂಗವ್ವ ತನ್ನ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. “ಅಯ್ಯ ಶಿವನ! ಸತ್ತವರ ಆತ್ಮದ್ದೇನ್ರಿ? ಹೊತ್ತ ಇಳೀಲಿಕ್ಕತ್ತೈತಿ, ಈಗ್ಯಾಕ ಅದನ್ನ ತಗೀತೀರಿ?”

ಅಕ್ಕೋರು ನಗಲಿಲ್ಲ. ಅವರು ಯಾರ ತಪ್ಪಿಗೂ ನಗುತ್ತಿರಲಿಲ್ಲ, ಆದರೆ ತಿದ್ದದೆ ಬಿಡುತ್ತಲೂ ಇರಲಿಲ್ಲ. “ಸತ್ತವರದಲ್ಲ ಬೇ, ಬದುಕಿದವರದು. ಒಬ್ಬ ಮನಿಷಾ ತನಗ ಆಗಿದ್ದನ್ನ ತಾನ ಕುಂತ ಬರದದ್ದು.”

“ಖರೇನ?”

“ಖರೇ.”

“ಹಂಗಾರ ಜ್ವಾರಾಗಿ ಓದ್ರಿ. ನಾವೂ ಕೇಳೂಣು. ಹ್ಯಾಂಗೂ ಇವರ ಕರೆಂಟ ಬರೂದಿಲ್ಲ.”

ಹೀಗೆ ಅದು ಆರಂಭವಾಯಿತು. ಕರೆಂಟು ಹೋದಾಗ ಮಾತ್ರ ಓದು. ಬೆಲ್ಟು ತಿರುಗತೊಡಗಿದರೆ ವಾಕ್ಯದ ನಡುವೆಯೇ ನಿಂತುಬಿಡುತ್ತಿತ್ತು. “ಮುಂದ ಏನಾತ್ರಿ?” ಎಂದು ಸದ್ದಿನ ಮೇಲೆ ಸದ್ದು ಮಾಡಿ ಯಾರಾದರೂ ಕೂಗಿದರೆ, ಅಕ್ಕೋರು ಮೇಲಿನ ಬಲ್ಬನ್ನು ಬೆರಳಿನಿಂದ ತೋರಿಸಿ, ಅದು ಆರಿದಾಗ ಎಂದು ಸನ್ನೆ ಮಾಡುತ್ತಿದ್ದರು. ಕರೆಂಟು ಹೋದರೆ ಶಾಪ ಹಾಕುವ ಊರಿನಲ್ಲಿ, ಬಂದುದಕ್ಕೆ ಶಾಪ ಹಾಕಿದವಳು ಗಂಗವ್ವ ಒಬ್ಬಳೇ ಇರಬೇಕು.

ಅವರ ಪುಸ್ತಕಗಳಲ್ಲಿ ಕನ್ನಡದವೂ ಇದ್ದವು, ಮರಾಠಿಯವೂ ಇದ್ದವು. ಮರಾಠಿಯದಾದರೆ ಕಣ್ಣು ಮರಾಠಿಯ ಮೇಲೆ, ಬಾಯಿ ಕನ್ನಡದಲ್ಲಿ. ನಡುವೆ ತಡವರಿಸಿದ್ದನ್ನು ನಾನು ಕೇಳಿಲ್ಲ. ಒಬ್ಬ ಸೂಲಗಿತ್ತಿಯ ಬದುಕು, ಒಬ್ಬ ಹಡಗಿನ ಅಡುಗೆಯವನ ಬದುಕು, ಒಂದು ಕೈ ಕಳೆದುಕೊಂಡ ಒಬ್ಬ ಸಿಪಾಯಿಯ ಬದುಕು, ಹೀಗೆ ಆಯ್ಕೆಗೆ ಒಂದು ಕ್ರಮವಿದ್ದಂತೆ ಕಾಣುತ್ತಿರಲಿಲ್ಲ.

ನಾನು ಆಗ ಬಿ.ಎ. ಓದುತ್ತಿದ್ದೆ. ಕಾದಂಬರಿಗಳ ಮೇಲೆ ಪ್ರಬಂಧ ಬರೆದು ಅವರಿಗೆ ತೋರಿಸಲು ಹೋಗುತ್ತಿದ್ದೆ. ಕಾದಂಬರಿಗಳನ್ನು ಅವರು ಕೀಳಾಗಿ ಕಂಡವರಲ್ಲ. ಆದರೂ ಖರೇ ಬದುಕಿನ ಪುಸ್ತಕಗಳನ್ನಷ್ಟೇ ಏಕೆ ಓದುತ್ತೀರಿ ಎಂದು ಕೇಳಿದಾಗ ನನ್ನ ಪ್ರಬಂಧದ ಪುಟ ತಿರುವುತ್ತಲೇ ಹೇಳಿದರು:

“ಕಾದಂಬರ್ಯಾಗಿನ ಮನಿಷಾನ್ನ ಬರ್ಯಾವ ಬೇಕಂದಾಗ ಕೊಲ್ಲತಾನವಾ. ಇಲ್ಲಿ ಹಂಗ ನಡಿಯೂದಿಲ್ಲ. ಎಂಥಾ ಕಷ್ಟ ಬಂದರೂ, ಈತ ಅದನ್ನ ದಾಟಿ ಬಂದ ಕುಂತ ಬರದಾನ ಅಂತ ನನಗ ಮದಲ ಗೊತ್ತಿರತೈತಿ. ಅದಕ್ಕ ಓದತೀನಿ. ನನಗ ಧೈರ್ಯ ಕಡಿಮಿ.”

“ಆದರ ಇವರೂ ಸುಳ್ಳ ಬರದಿರಬಹುದಲ್ರಿ?”

“ಬರೀತಾರ. ಗೊತ್ತಾಗತೈತಿ. ಸುಳ್ಳ ಬಂದಲ್ಲಿ ಮನಿಷಾ ಗಡಬಡಿಸತಾನ. ಎಲ್ಲಾ ಕಡೆ ನಿಂತ ನಿಂತ ಹೇಳಿದಾಂವ ಅದೊಂದ ಕಡೆ ಓಡಿ ಹೋಗತಾನ.” ಆಮೇಲೆ ಪ್ರಬಂಧವನ್ನು ಮರಳಿಸುತ್ತಾ, “ನೀನೂ ಇಲ್ಲಿ ಓಡೀದಿ. ಈ ಪುಸ್ತಕ ಪೂರಾ ಓದಿಲ್ಲ, ಹೌದಲ್ಲ?” ಎಂದರು. ಓದಿರಲಿಲ್ಲ.

ಈ ಮಾತನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ನಮ್ಮ ಮನೆಯಲ್ಲಿಯೂ ಆಗ ಹಾಗೆ ಓಡಿಹೋಗುವ ಒಂದು ಮಾತಿತ್ತು.

ನನ್ನ ಅಣ್ಣ ಡಿಪ್ಲೊಮಾ ಓದುತ್ತಿದ್ದಾಗ ಮೌನಿಯಾದ. ಆಮೇಲೆ ಗಿರಣಿ ನಡೆಯುವಾಗ ಬಂದು ಬೆಲ್ಟಿನ ಬಳಿ ನಿಂತು ಉತ್ತರ ಕೊಡತೊಡಗಿದ. ಬೆಲ್ಟಿನ ಸದ್ದಿನಲ್ಲಿ ಯಾರೋ ತನ್ನ ಹೆಸರು ಹಿಡಿದು ಕರೆಯುತ್ತಾರೆ, ಬೈಯುತ್ತಾರೆ ಎನ್ನುತ್ತಿದ್ದ. ಒಂದು ದಿನ ಕುಡುಗೋಲಿನಿಂದ ಬೆಲ್ಟನ್ನೇ ಕತ್ತರಿಸಿದ. ಮರುದಿನ ನಸುಕಿನಲ್ಲಿ ತಂದೆಯವರು ಅವನನ್ನು ರಾಯಬಾಗ ತಾಲೂಕಿನ ಅಲಖನೂರಿಗೆ, ನನ್ನ ತಾಯಿಯ ತವರಿಗೆ ಕರೆದೊಯ್ದರು. ಅಲ್ಲಿ ಕಬ್ಬಿನ ನಡುವೆ ಮಾವನ ತೋಟದ ಮನೆ ಇದೆ. ಊರಿನಿಂದ ದೂರ, ಬಂದುಹೋಗುವವರಿಲ್ಲ. ಅವನಿಗೆ ತಾಯತ ಕಟ್ಟಿಸಿದರು, ದೇವರ ಹೇಳಿಕೆ ಕೇಳಿದರು. ಓಣಿಯಲ್ಲಿ ಮಾತ್ರ, “ಪುಣೇದಾಗ ಕಂಪನಿ ಸೇರ್ಯಾನ” ಎಂದು ಹೇಳಿದೆವು. ನನಗೆ ಆಗ ಅಥಣಿಯ ಕಡೆಯಿಂದ ಒಂದು ಸಂಬಂಧ ಕೂಡಿ ಬರುತ್ತಿತ್ತು. ಹುಡುಗಿಯ ಅಣ್ಣನಿಗೆ ಹುಚ್ಚು ಎಂದು ತಿಳಿದರೆ ಆ ಸಂಬಂಧ ಉಳಿಯುವುದಿಲ್ಲವೆಂದು ಹಿರಿಯರ ಭಯ. ನಾನು ಸುಖವಾಗಿ ಗಂಡನ ಮನೆ ಸೇರಬೇಕೆಂದರೆ ಅಣ್ಣ ಕಬ್ಬಿನ ಮರೆಯಲ್ಲಿಯೇ ಇರಬೇಕಾಗಿತ್ತು.

ಅಕ್ಕೋರು ಅಣ್ಣನಿಗೆ ನಾಲ್ಕನೆಯ ಇಯತ್ತೆಯಲ್ಲಿ ಕಲಿಸಿದವರು. ಡಬ್ಬಿ ಇಟ್ಟಾಗಲೆಲ್ಲ ತಂದೆಯವರನ್ನು ಕೇಳುತ್ತಿದ್ದರು: “ನಮ್ಮ ಹುಡುಗ ಹ್ಯಾಂಗದಾನ್ರಿ ಅಣ್ಣಾರ, ಪುಣೇದಾಗ?”

“ಛಲೋ ಅದಾನ್ರಿ ಅಕ್ಕೋರ, ಪೋನ ಮಾಡತಿರತಾನ, ಕಂಪನ್ಯಾಗ ರಜಾ ಕೊಡೂದಿಲ್ಲ, ನಿಮ್ಮದು ಜ್ವಾಳ ಅಷ್ಟನ ಅಲ್ಲೇನ್ರಿ?”

ಇಷ್ಟನ್ನೂ ತಂದೆಯವರು ಒಂದೇ ಉಸಿರಿಗೆ ಹೇಳುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ದಿನವಿಡೀ ಗಿರಣಿಯ ಸದ್ದಿನಲ್ಲಿದ್ದು ಕಿವಿಯೂ ಮಂದ. ಅಂಥವರು ಅಷ್ಟು ವೇಗವಾಗಿ ಮಾತಾಡುವುದು ಇದೊಂದೇ ಪ್ರಶ್ನೆಗೆ. ಅಕ್ಕೋರು “ಹೌದ್ರಿ” ಎಂದು ಹೋಗಿ ಚೀಲದ ಮೇಲೆ ಕೂರುತ್ತಿದ್ದರು. ಇನ್ನೊಂದು ಪ್ರಶ್ನೆ ಕೇಳುತ್ತಿರಲಿಲ್ಲ.

ಓದು ನಡೆದಾಗ ತಂದೆಯವರು ಕಟ್ಟೆಯ ಮೇಲೆ ಉಳಿ ಹಿಡಿದು ಕೂರುತ್ತಿದ್ದರು. ಬೀಸುವ ಕಲ್ಲಿನಲ್ಲಿ ಸವೆದ ಗೆರೆಗಳನ್ನು ಮತ್ತೆ ಕಡಿಯುವ ಕೆಲಸ ಅದು. ಕಟ್ ಕಟ್ ಎಂಬ ಆ ಸದ್ದಿನ ಮೇಲೆಯೇ ಅಕ್ಕೋರು ಓದುತ್ತಿದ್ದರು. ತಂದೆಯವರು ಕೇಳುತ್ತಿದ್ದರೋ ಇಲ್ಲವೋ ಎಂದು ನಮಗಾರಿಗೂ ತಿಳಿದಿರಲಿಲ್ಲ.

ಜೈನ ಮನೆತನದವರಾದ ಅಕ್ಕೋರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು; ಮುಳುಗಿದ ಮೇಲೆ ನೀರನ್ನೂ ಮುಟ್ಟುತ್ತಿರಲಿಲ್ಲ. ಗಿರಣಿಯ ಪಡುವಣ ಕಿಟಕಿಯಿಂದ ಬಂದ ಬಿಸಿಲು ಎದುರುಗೋಡೆಯನ್ನು ಹತ್ತಿ ಸ್ವಿಚ್ ಬೋರ್ಡಿಗೆ ಮುಟ್ಟಿತೆಂದರೆ, ಕಥೆ ಎಲ್ಲಿಯೇ ಇರಲಿ, ಪುಸ್ತಕ ಮುಚ್ಚಿ ಏಳುತ್ತಿದ್ದರು. ಆ ನಿಯಮ ಮುರಿದುದನ್ನು ಕಂಡವರಿರಲಿಲ್ಲ.

ಆ ದಿನ ಕರೆಂಟು ಇಳಿಹೊತ್ತಿಗೆ ಹೋಯಿತು. ಗಂಗವ್ವ ಇದ್ದಳು, ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳಿದ್ದರು, ನಾನು ಮತ್ತು ಅವ್ವ ಬಾಗಿಲಲ್ಲಿದ್ದೆವು. ಅಕ್ಕೋರು ತೆಗೆದದ್ದು ತೆಳುವಾದ ಒಂದು ಮರಾಠಿ ಪುಸ್ತಕ. ಮಹಾರಾಷ್ಟ್ರದ ಕಾರ್ಮಿಕನೊಬ್ಬ ತನ್ನ ಬಗ್ಗೆ ಬರೆದುಕೊಂಡದ್ದು ಎಂದಷ್ಟೇ ಹೇಳಿ ಆರಂಭಿಸಿದರು.

“‘ನಾನು ಗಿರಣೀದಾಗ ನಿಂತಿರತಿದ್ದೆ. ಗಾಲಿ ತಿರಗೂ ಸಪ್ಪಳದಾಗ ಯಾರೋ ನನ್ನ ಹೆಸರ ಹಿಡದ ಕರೀತಿದ್ದರು. ಮದಲ ಸಣ್ಣ ದನೀಲೆ. ಆಮ್ಯಾಲೆ ಬೈಯಾಕ ಸುರು ಮಾಡಿದರು...’”

ಉಳಿಯ ಸದ್ದು ನಿಂತಿತು.

“ಅಂವಂದೂ ಗಿರಣಿ ಐತೇನ್ರಿ ಅಕ್ಕೋರ?” ತಂದೆಯವರು ಕಟ್ಟೆಯ ಮೇಲಿಂದ ಕೇಳಿದರು.

ಮರಾಠಿಯಲ್ಲಿ ನೂಲು, ಬಟ್ಟೆ ತಯಾರಿಸುವ ದೊಡ್ಡ ಕಾರ್ಖಾನೆಗೂ ಗಿರಣಿ ಎಂದೇ ಹೆಸರು. ಆ ಮನುಷ್ಯನದು ಬಟ್ಟೆಯ ಗಿರಣಿ ಎಂದು ನನಗೆ ಕೂಡಲೇ ಹೊಳೆಯಿತು. ಅಕ್ಕೋರಿಗೆ ಗೊತ್ತೇ ಇತ್ತು. ತಂದೆಯವರ ಕಣ್ಣಿಗೆ ಮಾತ್ರ ತಮ್ಮಂತೆಯೇ ಹುಬ್ಬಿಗೆ ಹಿಟ್ಟು ಮೆತ್ತಿಕೊಂಡ ಒಬ್ಬ ಮನುಷ್ಯ, ಇದೇ ಬೆಲ್ಟು, ಇದೇ ಕಲ್ಲು ಕಂಡಿರಬೇಕು. ಯಾರ ತಪ್ಪನ್ನೂ ತಿದ್ದದೆ ಬಿಡದ ಅಕ್ಕೋರು ತಲೆಯೆತ್ತಿ ಅವರನ್ನು ನೋಡಿದರು.

“ಹೌದ್ರಿ. ಗಿರಣೀನ” ಎಂದರು. ಮುಂದೆ ಓದಿದರು.

ಆ ಮನುಷ್ಯ ಊಟ ಬಿಟ್ಟದ್ದು, ಮನೆಯವರು ಅವನನ್ನು ಕಂಬಕ್ಕೆ ಕಟ್ಟಿದ್ದು ಬಂದಿತು. ಗಂಗವ್ವ ನಿಟ್ಟುಸಿರು ಬಿಟ್ಟಳು. “ಪಾಪ, ಹುಚ್ಚ ಹಿಡದಿರಬೇಕ ಬಿಡ್ರಿ.”

“ಹುಚ್ಚ ಅಲ್ಲ ಗಂಗವ್ವ. ಜಡ್ಡ.”

“ತಲೀ ಕೆಟ್ಟರ ಹುಚ್ಚನ ಅಲ್ಲೇನ್ರಿ?”

“ನಿನಗ ಬಿಪಿ ಐತಿ. ದಿನಾ ಗುಳಗಿ ನುಂಗತಿ. ಬಿಪಿ ಹಿಡದಾಕಿ ಬಂದಳು ಅಂತ ಓಣ್ಯಾಗ ಕರದರ ಸುಮ್ನ ಇರತಿಯೇನ?”

“ಕರೀಲಿ ನೋಡೂಣು, ಯಾರ ಕರೀತಾರ!” ಎಂದು ಗಂಗವ್ವ ಸೆಟೆದು ಕೂತಳು. ಎಲ್ಲರೂ ನಕ್ಕರು. ತಂದೆಯವರು ನಗಲಿಲ್ಲ.

ಬಿಸಿಲು ಸ್ವಿಚ್ ಬೋರ್ಡಿಗೆ ಬಂದಿತು. ಅಕ್ಕೋರು ಪುಸ್ತಕವನ್ನು ಮೊಣಕಾಲಿಗೆ ತಟ್ಟಿ ಎದ್ದು ನಿಂತರು.

“ಕೂಡ್ರಿ” ಎಂದರು ತಂದೆಯವರು. ಆಜ್ಞೆಯಂತೆ ಕೇಳಿಸಿತು. ತಾವೇ ಗಾಬರಿಯಾಗಿ, “ಮುಂದ ಅಂವಗ ಏನಾತು, ಅಷ್ಟ ಹೇಳಿ ಹೋಗ್ರಿ” ಎಂದರು.

ಅವ್ವ ಬಾಗಿಲಿನಿಂದ, “ಅಕ್ಕೋರದು ಊಟದ ಹೊತ್ತು” ಎಂದಳು. ತಂದೆಯವರಿಗೆ ಕೇಳಿಸಲಿಲ್ಲ. ಅಕ್ಕೋರಿಗೆ ಕೇಳಿಸಿತು. ಅವರು ಕಿಟಕಿಯತ್ತ ನೋಡಿದರು. ಆಮೇಲೆ ಕೂತು ಪುಸ್ತಕ ತೆರೆದರು.

ಕತ್ತಲಾಗುತ್ತ ಬಂದಾಗ ತಂದೆಯವರು ಕಟ್ಟೆಯಿಂದ ಇಳಿದು ಬಂದು, ತಮ್ಮ ಮೊಬೈಲಿನ ಬ್ಯಾಟರಿ ಬೆಳಕು ಹಚ್ಚಿ ಪುಟದ ಮೇಲೆ ಹಿಡಿದು ನಿಂತರು. ಪುಸ್ತಕದ ಆ ಮನುಷ್ಯನನ್ನು ಅವನ ಅಕ್ಕ ದವಾಖಾನೆಗೆ ಕರೆದೊಯ್ದಳು, ಗುಳಿಗೆ ಕೊಟ್ಟರು, ಕರೆಯುವ ದನಿ ಒಮ್ಮೆಲೇ ನಿಲ್ಲಲಿಲ್ಲ, ದೂರವಾಯಿತು. ತಂದೆಯವರು ಓದನ್ನು ತಡೆದರು.

“ಅಂವ ಈಗ ಅದಾನೇನ್ರಿ?”

“ಅಂದರ?”

“ಜೀವಂತ.”

“ಅಂವ ಬರದದ್ದನ್ನ ನಾ ಓದಾಕತ್ತೀನಲ್ರಿ, ಅಣ್ಣಾರ. ಆರಾಮಾದ ಮ್ಯಾಲೆ ತಾನ ಕುಂತ ಬರದಾನ. ಗುಳಗಿ ಈಗೂ ತೊಗೋತೀನಿ ಅಂತ ಅದನ್ನೂ ಬರದಾನ.”

“ಆರಾಮಾದ ಮ್ಯಾಲೆ” ಎಂದು ತಂದೆಯವರು ತಮಗೆ ತಾವೇ ಹೇಳಿಕೊಂಡರು. ಬೆಳಕು ಪುಟದಿಂದ ಜಾರಿ ನೆಲಕ್ಕೆ ಬಿದ್ದಿತು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು:

“ನಮ್ಮ ಹುಡುಗ... ಪುಣೇದಾಗ ಇಲ್ರಿ.”

ಗಂಗವ್ವ ಅಲ್ಲಿಯೇ ಇದ್ದಳು. ಗಂಗವ್ವನಿಗೆ ಹೇಳುವುದೆಂದರೆ ಚಿಕ್ಕೋಡಿಗೇ ಹೇಳಿದಂತೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕೋರು, ನನಗೆ ಗೊತ್ತಿತ್ತು ಎನ್ನಲಿಲ್ಲ. ಪುಸ್ತಕ ಮುಚ್ಚಿ ಕೇಳಿದರು:

“ಎಲ್ಲಿದಾನ?”

“ಅಲಖನೂರಾಗ. ತ್ವಾಟದ ಮನ್ಯಾಗ.”

“ಮುಂಜಾನೆ ಮದಲನೇ ಬಸ್ಸಿಗೆ ಹೋಗೂಣ್ರಿ. ನಾನೂ ಬರತೀನಿ.”

ಅಷ್ಟರಲ್ಲಿ ಕರೆಂಟು ಬಂದಿತು. ಯಾರೂ ಗಿರಣಿ ಹಚ್ಚಲು ಏಳಲಿಲ್ಲ. ಗಂಗವ್ವ ಬೀಸದ ಜೋಳದ ಡಬ್ಬಿಯನ್ನು ಅಲ್ಲಿಯೇ ಬಿಟ್ಟು, “ಹಿಟ್ಟ ನಾಳೆ ಒಯ್ಯತೀನಿ, ತಮ್ಮಾ” ಎಂದು ತಂದೆಯವರ ತೋಳು ಮುಟ್ಟಿ ಹೋದಳು. ಅವ್ವನಿಗೆ ಆಗ ನೆನಪಾಯಿತು: “ಅಕ್ಕೋರ, ಊಟ!” ಹೊರಗೆ ಪೂರ್ತಿ ಕತ್ತಲಾಗಿತ್ತು. ಅಕ್ಕೋರು ಖಾಲಿ ಹೊಟ್ಟೆಯಲ್ಲಿ, “ಮುಂಜಾನೆ ಐತಲ್ಲವಾ” ಎನ್ನುತ್ತ ಮನೆಗೆ ಹೋದರು.

ಅಲಖನೂರಿನಲ್ಲಿ ಮಾವ, ಅವ್ವನ ತಮ್ಮ, ತಂದೆಯವರಿಗೆ ಅಡ್ಡ ಬಂದ. “ಮಾಮಾ, ಹುಡುಗಿ ಲಗ್ನ ಆಗೂತನಕ ತಡೀರಿ. ಊರ ಮುಂದ ಹುಚ್ಚಂತ ಹೆಸರಾದರ ಮುಗೀತು” ಎಂದ. ತಂದೆಯವರು ಅವನಿಗೆ ಹೇಳಿದ್ದಿಷ್ಟೇ: “ಹುಚ್ಚ ಅಲ್ಲೋ. ಜಡ್ಡಾಗೇತಿ. ದವಾಖಾನಿಗೆ ಒಯ್ಯತೀನಿ.”

ನಾನೂ ಜೊತೆಗಿದ್ದೆ. ಅಣ್ಣ ಹೊರಸಿನ, ಎಂದರೆ ಹಗ್ಗದ ಮಂಚದ, ಮೇಲೆ ಕೂತಿದ್ದವನು ಅಕ್ಕೋರನ್ನು ಕಂಡು ಎದ್ದು ನಿಂತ, ಎರಡೂ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಏಕೆಂದು ನಮಗೆ ತಿಳಿಯಲಿಲ್ಲ, ಅಕ್ಕೋರಿಗೆ ತಿಳಿಯಿತು. ಶಾಲೆಯಲ್ಲಿ ಸೋಮವಾರ ಅವರು ಮಕ್ಕಳ ಉಗುರು ನೋಡುತ್ತಿದ್ದರು. “ತೋರಸು” ಎಂದರು. ಅವನು ತೋರಿಸಿದ. ಉಗುರುಗಳು ಬೆಳೆದು ಬಾಗಿದ್ದವು, ಒಳಗೆಲ್ಲ ಮಣ್ಣು. ಅಕ್ಕೋರು ಹೊರಸಿನ ಮೇಲೆ ಅವನ ಪಕ್ಕದಲ್ಲಿ ಕೂತು, ತಮ್ಮ ಚೀಲದಿಂದ ಕತ್ತರಿ ತೆಗೆದು, ಹತ್ತೂ ಬೆರಳುಗಳ ಉಗುರನ್ನು ಕತ್ತರಿಸಿದರು. ಅವನು ಕೈ ಎಳೆದುಕೊಳ್ಳಲಿಲ್ಲ. ಆಮೇಲೆ, “ನಡಿ” ಎಂದರು. ಅವನು ನಡೆದ. ಮಿರಜದ ದವಾಖಾನೆಯವರೆಗೆ ಅವರ ಸೆರಗಿನ ತುದಿಯನ್ನು ಹಿಡಿದಿದ್ದ.

ಅಥಣಿಯವರು ಎಂಟು ಹತ್ತು ದಿನಗಳಲ್ಲಿ ಹೇಳಿಕಳಿಸಿದರು, ಬೇಡವೆಂದು. ಸುಳ್ಳೇಕೆ, ನನಗೆ ದುಃಖವಾಯಿತು. ಪದವಿಯ ಕೊನೆಯ ಪರೀಕ್ಷೆಯ ಹೊತ್ತದು. ಅಕ್ಕೋರ ಮನೆಯಲ್ಲಿ ಕೂತು ಅತ್ತೆ. ಅವರು ಅಳುವುದಕ್ಕೆ ಬಿಟ್ಟರು. ಆಮೇಲೆ, “ಸುಳ್ಳ ಹೇಳಿ ಹೋಗಿದ್ದರ ಆ ಮನ್ಯಾಗ ಜೀವಮಾನ ಗಡಬಡಿಸಿ ಮಾತಾಡಬೇಕಾಗತಿತ್ತು” ಎಂದರು. ನನ್ನ ನೋವು ಅದರಿಂದ ಕಡಿಮೆಯಾಯಿತೆಂದು ಬರೆದರೆ ಅವರು ಒಪ್ಪುತ್ತಿರಲಿಲ್ಲ. ಕಡಿಮೆಯಾಗಲು ಬಹಳ ಕಾಲ ಬೇಕಾಯಿತು.

ಬಟ್ಟೆಯ ಗಿರಣಿ ಎಂದು ತಂದೆಯವರಿಗೆ ಏಕೆ ಹೇಳಲಿಲ್ಲ ಎಂದು ಅಂದೇ ಕೇಳಿದೆ. ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ಅವರ ಮುಖ ಸಣ್ಣದಾಯಿತು. “ಹೇಳಬೇಕಾಗಿತ್ತು” ಎಂದರು. ಆಮೇಲೆ, “ಆದರ ಅವರು ಆ ಮನಿಷಾಗ ಅಷ್ಟ ಹತ್ರ ಬಂದಿದ್ದರು ನೋಡವಾ” ಎಂದರು. ಆ ಪುಸ್ತಕವನ್ನು ತಂದೆಯವರಿಗಾಗಿಯೇ ಹುಡುಕಿ ತಂದಿದ್ದಿರಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಈಗ ಕೇಳಲು ಅವರಿಲ್ಲ.

ಕೊನೆಯ ಒಂದೂವರೆ ವರ್ಷ ಅವರು ನಿಪ್ಪಾಣಿಯಲ್ಲಿ ತಮ್ಮನ ಮನೆಯಲ್ಲಿದ್ದರು. ಕಣ್ಣು ಮಂಜಾಗಿತ್ತು. ರಜೆಯಲ್ಲಿ ಹೋದಾಗ ನಾನು ಓದುತ್ತಿದ್ದೆ, ಅವರು ಕೇಳುತ್ತಿದ್ದರು. ಶ ಮತ್ತು ಷಗಳನ್ನು ಒಂದೇ ಮಾಡಿದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. ಈ ಬರಹದ ಒಂದಷ್ಟು ಭಾಗವನ್ನು ಮೊದಲು ಬಹಳ ಶುದ್ಧವಾದ ಭಾಷೆಯಲ್ಲಿ ಬರೆದಿದ್ದೆ. ಅದನ್ನು ಓದಿಸಿ ಕೇಳಿ, “ಶುದ್ಧ ಐತಿ. ಇನ್ನ ಖರೇ ಬರಿ” ಎಂದಿದ್ದರು.

ಅವರು ತೀರಿದ ಸುದ್ದಿ ಬಂದಾಗ ಗಿರಣಿ ನಡೆದಿತ್ತು, ಕರೆಂಟೂ ಇತ್ತು. ಅಣ್ಣ ಸ್ವಿಚ್ಚು ಆರಿಸಿದ. ಅರ್ಧ ಬೀಸಿದ ಗೋಧಿ ಕಲ್ಲಿನಲ್ಲಿಯೇ ಉಳಿಯಿತು. ನಾವೆಲ್ಲ ನಿಪ್ಪಾಣಿಗೆ ಹೋದೆವು. ಹೊತ್ತು ಮುಳುಗುವ ಮೊದಲೇ ಎಲ್ಲ ಮುಗಿದಿತ್ತು.

ನಮ್ಮ ಮನೆಯಲ್ಲಿ ಆದ ಬದಲಾವಣೆಯನ್ನು ಹೇಳಿ ಮುಗಿಸುತ್ತೇನೆ. ಅಣ್ಣ ಗುಳಿಗೆ ತೆಗೆದುಕೊಳ್ಳುತ್ತಾನೆ, ಮಿರಜಕ್ಕೆ ತೋರಿಸಲು ಹೋಗಿಬರುತ್ತಾನೆ. ನಡುವೆ ಒಮ್ಮೆ ಗುಳಿಗೆ ಬಿಟ್ಟು ಮತ್ತೆ ಕಷ್ಟಪಟ್ಟ, ಮತ್ತೆ ಸುಧಾರಿಸಿದ. ಡಿಪ್ಲೊಮಾ ಮುಗಿಯಲಿಲ್ಲ. ಬೆಲ್ಟಿನ ಸದ್ದಿನಲ್ಲಿ ಈಗಲೂ ಕೆಲವೊಮ್ಮೆ ಕರೆದಂತಾಗುತ್ತದೆ, ಆದರೆ ಓಗೊಡುವುದಿಲ್ಲ ಎನ್ನುತ್ತಾನೆ. ನಾನು ಕಾಗವಾಡದ ಕಡೆ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ, ಮದುವೆಯಾಗಿಲ್ಲ. ನೋಡಲು ಬಂದವರಿಗೆ ಚಹಾ ಕೊಡುವ ಮೊದಲೇ ತಂದೆಯವರು ಅಣ್ಣನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಮಗ ಏನು ಮಾಡುತ್ತಾನೆಂದು ಬಂದವರು ಕೇಳುತ್ತಾರೆ. ತಂದೆಯವರು ಗಡಬಡಿಸುವುದಿಲ್ಲ.

“ಇಲ್ಲೇ ಅದಾನ್ರಿ. ಜಡ್ಡಾಗಿತ್ತು. ಈಗ ಗಿರಣಿ ನೋಡಕೊಂತಾನ.”